ರಜೆಗೆ ಬಂದ ಮರಿ: ಒಂದು ಮನೆಯ ಪ್ರಕರಣ

ಜೂನ್ ಬಂತೆಂದರೆ ನನಗೆ ಬರುವ ಫೋನುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. "ನಾಲ್ಕು ತಿಂಗಳ ಮರಿ ಇದೆ, ತುಂಬಾ ಚೆನ್ನಾಗಿದೆ, ನಮಗೆ ನೋಡಿಕೊಳ್ಳೋಕೆ ಆಗ್ತಿಲ್ಲ, ಯಾರಿಗಾದರೂ ಕೊಡಬೇಕಿತ್ತು." ತಿಂಗಳು ಹಿಂದಕ್ಕೆ ಎಣಿಸಿದರೆ ಗೊತ್ತಾಗುತ್ತದೆ. ಮರಿ ಮನೆಗೆ ಬಂದದ್ದು ಪರೀಕ್ಷೆ ಮುಗಿದ ಹೊತ್ತಿಗೆ, ಮಕ್ಕಳ ರಜೆಗೆ ಅಂತ. ಬೆಂಗಳೂರಿನಲ್ಲಿ ಹೀಗೆ ಮನೆ ತಪ್ಪುವ ನಾಯಿಗಳಿಗೆ ಇನ್ನೊಂದು ಮನೆ ಹುಡುಕಿಕೊಡುವ ಕೆಲಸವನ್ನು ನಾವು ಕೆಲವರು ಬಿಡುವಿನ ಹೊತ್ತಿನಲ್ಲಿ ಮಾಡುತ್ತೇವೆ. ಅಂಥದ್ದೇ ಒಂದು ಪ್ರಕರಣವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ನಾಯಿಯ ಹೆಸರೂ ಸೇರಿ. ಇಲ್ಲಿ ಅವನನ್ನು ಗುಂಡ ಅಂತ ಕರೆಯೋಣ.

ಈ ಪ್ರಕರಣವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಈ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರಿಗೂ ನಾಯಿಯ ಮೇಲೆ ಪ್ರೀತಿ ಇತ್ತು, ದುಡ್ಡಿಗೂ ತೀರಾ ತೊಂದರೆ ಇರಲಿಲ್ಲ. ಆದರೂ ಮೂರು ತಿಂಗಳೊಳಗೆ ಗಂಡ ಹೆಂಡತಿ ಮಾತು ಬಿಡುವವರೆಗೆ ಹೋಯಿತು. ಎಲ್ಲಿ ಎಡವಿದರು ಅನ್ನೋದು ಹಂತ ಹಂತವಾಗಿ ಕಾಣುತ್ತದೆ, ಅದಕ್ಕೇ ಇದು ಉಪಯೋಗಕ್ಕೆ ಬರುತ್ತದೆ.

ಮನೆ, ಮನೆಯವರು

ಬೆಂಗಳೂರಿನ ಪಶ್ಚಿಮ ಭಾಗದ ಒಂದು ಅಪಾರ್ಟ್‌ಮೆಂಟ್, ಮೂರನೇ ಮಹಡಿ, ಎರಡು ಬೆಡ್‌ರೂಮಿನ ಮನೆ. ಅಪ್ಪ ಖಾಸಗಿ ಕಂಪನಿಯಲ್ಲಿ ಕೆಲಸ, ವಾರದಲ್ಲಿ ಮೂರು ದಿನ ಆಫೀಸಿಗೆ ಹೋಗಬೇಕು. ಅಮ್ಮ ಬ್ಯಾಂಕಿನಲ್ಲಿ. ಮಗಳಿಗೆ 11 ವರ್ಷ, ಮಗನಿಗೆ 7. ಜೊತೆಗೆ ಅಪ್ಪನ ತಾಯಿ, 70 ದಾಟಿದ ಅಜ್ಜಿ, ಮಂಡಿನೋವು. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಇರುವವರು ಅಜ್ಜಿಯೇ.

ಮಕ್ಕಳು ಎರಡು ವರ್ಷದಿಂದ ನಾಯಿ ಬೇಕು ಅಂತ ಹಠ ಹಿಡಿದಿದ್ದರು. ಅಪ್ಪನಿಗೂ ಚಿಕ್ಕಂದಿನ ಆಸೆ. ಅಮ್ಮ ಬೇಡ ಅಂದಿರಲಿಲ್ಲ, "ಆಮೇಲೆ ನೋಡೋಣ" ಅಂದಿದ್ದರು. ಮನೆಗಳಲ್ಲಿ ಈ ಮಾತಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ಮಕ್ಕಳು ಅದನ್ನು ಹೂಂ ಅಂತ ಕೇಳಿಸಿಕೊಂಡರು. ಅಪ್ಪ, ಅರ್ಧ ಒಪ್ಪಿದ್ದಾಳೆ, ಮರಿ ಕಣ್ಣಿಗೆ ಬಿದ್ದರೆ ಪೂರ್ತಿ ಒಪ್ಪುತ್ತಾಳೆ ಅಂದುಕೊಂಡರು. ಅಜ್ಜಿಯ ಹತ್ತಿರ ಯಾರೂ ಈ ವಿಷಯ ಎತ್ತಲೇ ಇಲ್ಲ.

ಅಜ್ಜಿಗೆ ನಾಯಿ ಹೊಸದೇನಲ್ಲ. ತಿಪಟೂರಿನ ಕಡೆಯ ಅವರ ಮನೆಯಲ್ಲಿ ಯಾವಾಗಲೂ ಒಂದು ನಾಯಿ ಇತ್ತು. ಆದರೆ ಆ ನಾಯಿ ಜಗುಲಿ ದಾಟಿ ಒಳಗೆ ಬಂದದ್ದಿಲ್ಲ. ರಾಗಿಮುದ್ದೆ ತಿಂದು, ತೋಟ ಸುತ್ತಿ, ತನ್ನ ಪಾಡಿಗೆ ತಾನಿತ್ತು. ಮೂರನೇ ಮಹಡಿಯಲ್ಲಿ ಜಗುಲಿ ಎಲ್ಲಿದೆ? ಇಲ್ಲಿ ನಾಯಿ ಅಂದರೆ ಅಡುಗೆಮನೆಗೂ ದೇವರ ಮನೆಗೂ ನಡುವೆ ಓಡಾಡುವ ನಾಯಿ.

ಮರಿ ಬಂದದ್ದು

ಯುಗಾದಿಯ ಹಿಂದಿನ ದಿನ ಸಂಜೆ ಅಪ್ಪ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ಒಳಗೆ ಬೀಗಲ್ ಮರಿ. ಆನ್‌ಲೈನ್ ಜಾಹೀರಾತು ನೋಡಿ, ಊರಾಚೆ ಒಂದು ಮನೆಯಲ್ಲಿ ಮರಿ ಮಾರುವವರಿಂದ 18 ಸಾವಿರ ಕೊಟ್ಟು ತಂದಿದ್ದರು. ಮಕ್ಕಳ ಕಿರುಚಾಟದ ವಿಡಿಯೋ ಈಗಲೂ ಅವರ ಫೋನಿನಲ್ಲಿದೆ, ನನಗೂ ತೋರಿಸಿದರು. ನಿಜಕ್ಕೂ ಕಣ್ಣು ತುಂಬುವ ವಿಡಿಯೋ. ಹಿಂದೆ ಬಾಗಿಲ ಹತ್ತಿರ ಅಮ್ಮ ನಿಂತಿರುವುದು ಕಾಣುತ್ತದೆ. ನಗುತ್ತಿದ್ದಾರೆ, ಆದರೆ ಮುಂದೆ ಬರುತ್ತಿಲ್ಲ.

ಮಾರಿದವರು "45 ದಿನದ ಮರಿ ಸಾರ್, ಒಂದು ಇಂಜೆಕ್ಷನ್ ಆಗಿದೆ" ಅಂದಿದ್ದರು. ನಾಯಿಮರಿ ಮಾರುವವರ ಬಾಯಲ್ಲಿ ಈ 45 ದಿನ ಎಷ್ಟು ಮಾಮೂಲಿಯಾಗಿದೆ ಅಂದರೆ, ಕೊಳ್ಳುವವರು ಅದೇ ಸರಿಯಾದ ವಯಸ್ಸು ಅಂದುಕೊಂಡುಬಿಟ್ಟಿದ್ದಾರೆ. ಅಲ್ಲ. ಕೇಂದ್ರ ಸರ್ಕಾರದ 2017ರ ನಾಯಿ ತಳಿ ಬೆಳೆಸುವ ಮತ್ತು ಮಾರುವ ನಿಯಮಗಳ ಪ್ರಕಾರ 8 ವಾರ, ಅಂದರೆ 56 ದಿನ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ಅನ್ನೋದು ಸುಮ್ನೆ ಇಟ್ಟ ಲೆಕ್ಕವಲ್ಲ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತಲೇ ಮರಿ ಎಷ್ಟು ಜೋರಾಗಿ ಕಚ್ಚಬಾರದು ಅಂತ ಕಲಿಯುತ್ತದೆ. ಬೇಗ ಬಿಡಿಸಿ ತಂದರೆ ಆ ಪಾಠ ಮನೆಯ ಮಕ್ಕಳ ಕೈಮೇಲೆ ನಡೆಯುತ್ತದೆ.

ಇಂಜೆಕ್ಷನ್ ಕಾರ್ಡನ್ನು ನಾನು ಆಮೇಲೆ ನೋಡಿದೆ. ಹೊಳೆಯುವ ರಟ್ಟು, ಮೇಲೆ ಚೆಂದದ ನಾಯಿಯ ಚಿತ್ರ. ಒಳಗೆ ನೀಲಿ ಪೆನ್ನಿನಲ್ಲಿ ಒಂದು ತಾರೀಕು, ಪಕ್ಕದಲ್ಲಿ ಒಂದು ಸರಿ ಗುರುತು. ಅಷ್ಟೇ. ಲಸಿಕೆಯ ಶೀಶೆಯ ಮೇಲಿನ ಸ್ಟಿಕರ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ವೈದ್ಯರ ಸಹಿ ಮೊಹರು ಇಲ್ಲ, ನೋಂದಣಿ ಸಂಖ್ಯೆ ಇಲ್ಲ. ಇವು ಇಲ್ಲದ ಕಾರ್ಡು ಬರೀ ರಟ್ಟು. ಅಂಗಡಿಯಲ್ಲಿ ಮಿಕ್ಸಿ ಕೊಂಡರೆ ಗ್ಯಾರಂಟಿ ಕಾರ್ಡಿನ ಮೇಲೆ ಸೀಲು ಹಾಕಿಸಿಕೊಳ್ಳದೆ ಬರದ ಮನುಷ್ಯ ಈ ಕಾರ್ಡನ್ನು ತೆರೆದೂ ನೋಡದೆ ತಂದಿದ್ದರು. ಯಾಕೆಂದರೆ ಮರಿ ಅಷ್ಟು ಮುದ್ದಾಗಿತ್ತು.

ಮೊದಲ ಪೆಟ್ಟು

ಹಬ್ಬದ ದಿನ ಬಂದವರೆಲ್ಲ ಗುಂಡನನ್ನು ಎತ್ತಿ ಮುದ್ದಾಡಿದರು. ಯಾರೋ ಒಬ್ಬಟ್ಟಿನ ಚೂರು ಕೊಟ್ಟರು, ಯಾರೋ ಹಾಲು ಕುಡಿಸಿದರು. ಮೂರನೇ ದಿನ ಭೇದಿ ಶುರುವಾಯಿತು. ಒಬ್ಬಟ್ಟು ತಿಂದು ಹೊಟ್ಟೆ ಕೆಟ್ಟಿದೆ ಅಂದುಕೊಂಡು ಮೊಸರನ್ನ ಕಲಸಿ ಹಾಕಿ ಒಂದು ದಿನ ಕಾದರು. ಇದು ಮೊದಲ ತಿರುವು. ಆ ಒಂದು ದಿನ ತುಂಬಾ ದುಬಾರಿ ಆಯಿತು. ನಾಲ್ಕನೇ ದಿನ ವಾಂತಿ, ರಾತ್ರಿ ಹೊತ್ತಿಗೆ ರಕ್ತ ಬೆರೆತ ಭೇದಿ. ಬೆಳಗ್ಗೆ ಆಸ್ಪತ್ರೆಗೆ ಹೋದರೆ ಪಾರ್ವೊ.

ಪಾರ್ವೊ ಬಗ್ಗೆ ಗೊತ್ತಿಲ್ಲದವರಿಗೆ: ಇದು ಮರಿಗಳ ಕರುಳನ್ನು ಹಾಳು ಮಾಡುವ ವೈರಸ್. ಲಸಿಕೆ ಸರಿಯಾಗಿ ಆಗದ, ಆರು ವಾರದಿಂದ ಆರು ತಿಂಗಳ ಒಳಗಿನ ಮರಿಗಳಿಗೆ ಜಾಸ್ತಿ. ಮೈಗೆ ಸೇರಿ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಅಂದರೆ ಒಬ್ಬಟ್ಟಿನ ತಪ್ಪೇನೂ ಇರಲಿಲ್ಲ. ಮಾರಿದವರ ಮನೆಯಲ್ಲೇ ಮರಿಗೆ ಸೋಂಕು ತಗುಲಿದ್ದಿರಬೇಕು ಅಂತ ವೈದ್ಯರು ಹೇಳಿದರು. ಇದಕ್ಕೆ ವೈರಸ್ಸನ್ನು ನೇರವಾಗಿ ಕೊಲ್ಲುವ ಮಾಮೂಲಿ ಔಷಧ ಇಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಸೇರದಂತೆ ನೋಡಿಕೊಂಡು, ಮರಿ ತಾನೇ ಗೆಲ್ಲುವವರೆಗೆ ಹಿಡಿದಿಟ್ಟುಕೊಳ್ಳಬೇಕು. ಬೇಗ ಕರೆದುಕೊಂಡು ಹೋದಷ್ಟೂ ಉಳಿಯುವ ಸಾಧ್ಯತೆ ಜಾಸ್ತಿ. ಗುಂಡ ಐದು ದಿನ ಡ್ರಿಪ್ ಮೇಲಿದ್ದು ಉಳಿದ. ಬಿಲ್ಲು ಮರಿಯ ಬೆಲೆಗಿಂತ ಜಾಸ್ತಿ ಆಯಿತು. ಮನೆಯನ್ನು ಫಿನಾಯಿಲ್ ಹಾಕಿ ಒರೆಸಿದ್ದರು. ಫಿನಾಯಿಲ್‌ಗೆ ಈ ವೈರಸ್ ಜಗ್ಗುವುದಿಲ್ಲ, ಬ್ಲೀಚ್ ಬೇಕು. ಅದಿಲ್ಲದಿದ್ದರೆ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಅಪ್ಪ ಮಾರಿದವರಿಗೆ ಫೋನ್ ಮಾಡಿದರು. ಅವರು ಕೊಟ್ಟ ಉತ್ತರ: "ಇದನ್ನ ತಂದುಬಿಡಿ ಸಾರ್, ಬೇರೆ ಮರಿ ಕೊಡ್ತೀವಿ." ಪಕ್ಕದಲ್ಲಿದ್ದ ಮಗಳು ಇದನ್ನು ಕೇಳಿಸಿಕೊಂಡಳು. ಆವತ್ತಿನಿಂದ ಆ ಹುಡುಗಿಗೆ ಗುಂಡನನ್ನು ಯಾವಾಗ ವಾಪಸ್ ಕೊಟ್ಟುಬಿಡುತ್ತಾರೋ ಅನ್ನುವ ಹೆದರಿಕೆ ಒಳಗೇ ಕೂತಿತು.

ತೋಳು ಮುಚ್ಚಿದ ಅಂಗಿ

ಈ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ತಿರುವು ಆಸ್ಪತ್ರೆಯಲ್ಲೇ ಆಯಿತು. ವೈದ್ಯರು ಮಾಮೂಲಿಯಾಗಿ ಕೇಳಿದರು, "ಮರಿ ಯಾರಿಗಾದರೂ ಕಚ್ಚಿದೆಯಾ, ಪರಚಿದೆಯಾ?" ಅಪ್ಪ ಇಲ್ಲ ಅಂದರು. ಆ ದಿನ ಸಂಜೆ ಅಮ್ಮನಿಗೆ ಏನೋ ಹೊಳೆಯಿತು. ಏಪ್ರಿಲ್ ಬಿಸಿಲಿನಲ್ಲಿ ಮಗ ಎರಡು ದಿನದಿಂದ ತುಂಬು ತೋಳಿನ ಅಂಗಿ ಹಾಕಿಕೊಂಡು ಓಡಾಡುತ್ತಿದ್ದಾನೆ. ತೋಳು ಮಡಚಿ ನೋಡಿದರೆ ಮುಂಗೈಯಿಂದ ಮೊಣಕೈವರೆಗೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳು, ಒಂದೆರಡು ಕಡೆ ಒಣಗಿದ ರಕ್ತದ ಗೆರೆ. ಹಾಲುಹಲ್ಲಿನ ಮರಿ ಆಟಕ್ಕೆ ಕಚ್ಚಿದ ಗುರುತುಗಳು. ಹೇಳಿದರೆ ಗುಂಡನನ್ನು ವಾಪಸ್ ಕಳಿಸುತ್ತಾರೆ ಅಂತ ಅಕ್ಕ ತಮ್ಮ ಇಬ್ಬರೂ ಸೇರಿ ಮುಚ್ಚಿಟ್ಟಿದ್ದರು.

ಇದನ್ನು ಒತ್ತಿ ಹೇಳಬೇಕು. ಮಕ್ಕಳಿಗೆ ನಾಯಿಯನ್ನು "ನಿಂದು, ನಿನಗೆ ಕೊಟ್ಟದ್ದು" ಅಂತ ಕೊಟ್ಟಾಗ, ಅದನ್ನು ಉಳಿಸಿಕೊಳ್ಳುವ ಭಾರವೂ ಮಕ್ಕಳ ತಲೆಗೆ ಹೋಗುತ್ತದೆ. ಆಗ ಅವರು ಮುಚ್ಚಿಡುತ್ತಾರೆ. ರೇಬೀಸ್ ಇರುವ ದೇಶದಲ್ಲಿ ಕಚ್ಚಿದ್ದನ್ನು ಮುಚ್ಚಿಡುವುದು ಪ್ರಾಣಕ್ಕೆ ಅಪಾಯ. ರೇಬೀಸ್ ಲಕ್ಷಣ ಶುರುವಾದ ಮೇಲೆ ಬದುಕಿಸುವ ದಾರಿ ಇಲ್ಲ ಅಂತಲೇ ಹೇಳಬೇಕು, ಆದರೆ ಸಮಯಕ್ಕೆ ಇಂಜೆಕ್ಷನ್ ತೆಗೆದುಕೊಂಡರೆ ತಡೆಯಬಹುದು. ಮರಿಗೆ ರೇಬೀಸ್ ಬರಲ್ಲ ಅನ್ನೋದು ತಪ್ಪು ತಿಳಿವಳಿಕೆ. ಮರಿಗೆ ರೇಬೀಸ್ ಲಸಿಕೆ ಹಾಕುವುದೇ ಮೂರು ತಿಂಗಳ ಆಸುಪಾಸಿನಲ್ಲಿ, ಅದರ ತಾಯಿಗೆ ಆಗಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹಲ್ಲು ತಾಗಿ ಚರ್ಮ ಕಿತ್ತರೆ ಮೊದಲು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಆಮೇಲೆ ಆಸ್ಪತ್ರೆ. ಅರಿಶಿನ, ಸುಣ್ಣ, ಕಾರದಪುಡಿ ಯಾವುದೂ ಬೇಡ.

ಆ ರಾತ್ರಿಯೇ ಮಗನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ ಅಂತ ಇಂಜೆಕ್ಷನ್ ಆಯಿತು. ಇಲ್ಲಿ ಅಮ್ಮ ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟವಾಯಿತು. ಅವರು ಮಗನನ್ನು ಬೈಯಲಿಲ್ಲ. "ನೀನು ಹೇಳಿದ್ದಕ್ಕೆ ಗುಂಡನನ್ನು ಯಾವತ್ತೂ ಕಳಿಸಲ್ಲ, ಹೇಳದೇ ಇದ್ದರೆ ನನಗೆ ಭಯ ಆಗುತ್ತೆ" ಅಂದರು. ಆಮೇಲೆ ಹುಡುಗ ಪ್ರತಿ ಪರಚುಗಾಯವನ್ನೂ ಬಂದು ತೋರಿಸಿದ. ಆದರೆ ಈ ಮಾತು ಮುಂದೆ ಅಮ್ಮನಿಗೇ ಕಟ್ಟಿಹಾಕಿದಂತಾಯಿತು. ಅದು ಆಮೇಲೆ ಬರುತ್ತದೆ.

ರಜೆ ಮುಗಿದ ಮೇಲೆ

ಮೇ ತಿಂಗಳು ಚೆನ್ನಾಗಿಯೇ ಹೋಯಿತು. ಮನೆ ತುಂಬಾ ಜನ, ಇಡೀ ದಿನ ಆಟ. ಫ್ರಿಜ್ಜಿನ ಮೇಲೆ ಮಗಳು ಬಣ್ಣದ ಪೆನ್ನಿನಲ್ಲಿ ಒಂದು ಪಟ್ಟಿ ಅಂಟಿಸಿದ್ದಳು. ಊಟ ಯಾರು, ನೀರು ಯಾರು, ಗಲೀಜು ಯಾರು ಅಂತ. ಮೊದಮೊದಲು ನಡೆಯಿತು. ಆಮೇಲೆ ಗಲೀಜಿನ ಕಾಲಮ್ಮು ಖಾಲಿ ಉಳಿಯತೊಡಗಿತು. ಅದನ್ನು ಅಜ್ಜಿಯೋ ಅಮ್ಮನೋ ಮಾಡುತ್ತಿದ್ದರು, ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಮಕ್ಕಳನ್ನು ದೂರುವ ಮಾತಲ್ಲ ಇದು. ಏಳು ವರ್ಷದ ಮಗು ಏಳು ವರ್ಷದ ಮಗುವಿನಂತೆಯೇ ಇರುತ್ತದೆ. ಬೀದಿ ನಾಯಿಗಳಿರುವ ರಸ್ತೆಯಲ್ಲಿ ಆ ವಯಸ್ಸಿನವರ ಕೈಗೆ ನಾಯಿಯ ಹಗ್ಗ ಕೊಡುವುದೂ ತಪ್ಪು.

ಮಕ್ಕಳಿಗೆ ರಜೆ, ಎಲ್ಲರೂ ಮನೆಯಲ್ಲಿರುತ್ತಾರೆ, ಹಾಗಾಗಿ ಮರಿ ತರಲು ಇದೇ ಒಳ್ಳೆ ಸಮಯ ಅಂತ ತುಂಬಾ ಜನ ನಂಬಿದ್ದಾರೆ. ಮರಿಯ ಕಡೆಯಿಂದ ನೋಡಿ. ಮರಿ ಹೊಸ ಸಂಗತಿಗಳಿಗೆ ಹೆದರದೆ ಒಗ್ಗಿಕೊಳ್ಳುವ ವಯಸ್ಸು 3ರಿಂದ 14 ವಾರ. ಗುಂಡನಿಗೆ ಆ ವಾರಗಳಲ್ಲಿ ಗೊತ್ತಾದ ಪ್ರಪಂಚ ಅಂದರೆ ಆಸ್ಪತ್ರೆ ಮತ್ತು ಸದಾ ತುಂಬಿದ ಮನೆ. ಒಬ್ಬನೇ ಇರುವುದು ಹೇಗೆ ಅಂತ ಒಂದು ದಿನವೂ ಕಲಿಸಿರಲಿಲ್ಲ. ಪಾರ್ವೊದಿಂದ ಲಸಿಕೆಗಳೆಲ್ಲ ತಡವಾಗಿ ರಸ್ತೆಗೂ ಇಳಿಸಿರಲಿಲ್ಲ. ಜೊತೆಗೆ ಅವನು ಬೀಗಲ್. ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆ ಗುಂಪುಗುಂಪಾಗಿ ಓಡಿಸಲು ಬೆಳೆಸಿದ ತಳಿ. ದೂರಕ್ಕೆ ಕೇಳುವಂತೆ ಕೂಗುವುದು, ಗುಂಪು ಬಿಟ್ಟು ಇರಲಾರದೆ ಒದ್ದಾಡುವುದು ಅದರ ರಕ್ತದಲ್ಲೇ ಇದೆ. ಚಿಕ್ಕ ಗಾತ್ರ, ಹಾಗಾಗಿ ಫ್ಲ್ಯಾಟಿಗೆ ಸರಿ ಅಂತ ಮಾರುವವರು ಹೇಳುತ್ತಾರೆ. ಗಾತ್ರ ಚಿಕ್ಕದು ನಿಜ, ಗಂಟಲು ಚಿಕ್ಕದಲ್ಲ.

ಜೂನ್ ಮೊದಲ ವಾರ ಶಾಲೆ ಶುರುವಾಯಿತು. ಬೆಳಗ್ಗೆ ಎಂಟೂವರೆಗೆ ಎಲ್ಲರೂ ಹೊರಟರು. ಗುಂಡ ಬಾಗಿಲ ಹತ್ತಿರ ಕೂತು ಕೂಗಲು ಶುರು ಮಾಡಿದ, ಮಧ್ಯಾಹ್ನದವರೆಗೂ ಬಿಡಲಿಲ್ಲ. ಅಜ್ಜಿ ಬಿಸ್ಕತ್ತು ಕೊಟ್ಟರು, ಗದರಿದರು, ಕೊನೆಗೆ ಪಕ್ಕದಲ್ಲಿ ಕೂತರು. ಎದ್ದು ಹೋದರೆ ಮತ್ತೆ ಕೂಗು. ಎರಡನೇ ವಾರ ಅಜ್ಜಿ ಅವನ ಉಚ್ಚೆಯ ಮೇಲೆ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಸೊಂಟಕ್ಕೆ ಪೆಟ್ಟಾಯಿತು. ಅದೇ ವಾರ ಕೆಳಗಿನ ಮನೆಯವರು ಸಂಘಕ್ಕೆ ದೂರು ಕೊಟ್ಟರು.

ಅಪಾರ್ಟ್‌ಮೆಂಟ್ ಸಂಘ ನಾಯಿ ಸಾಕಬೇಡಿ ಅಂತ ನಿಷೇಧ ಹಾಕುವಂತಿಲ್ಲ, ಲಿಫ್ಟಿಗೆ ಬಿಡಲ್ಲ ಅನ್ನುವಂತಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಪ್ಪ ಆ ಸುತ್ತೋಲೆಯನ್ನು ಪ್ರಿಂಟ್ ತೆಗೆದುಕೊಂಡು ಜಗಳಕ್ಕೆ ಹೋದರು. ಕಾನೂನು ಅವರ ಕಡೆ ಇತ್ತು. ಆದರೆ ಕೆಳಗಿನ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ನರ್ಸ್ ಒಬ್ಬರಿದ್ದರು. ಅವರ ದೂರು ನಾಯಿಯ ಮೇಲಿನ ದ್ವೇಷವಲ್ಲ, ನಿದ್ದೆ ಇಲ್ಲದ ಸಂಕಟ. ಅವರ ಹತ್ತಿರ ಮೊದಲ ದಿನವೇ ಹೋಗಿ ಮಾತಾಡಿದ್ದರೆ ವಿಷಯ ಅಷ್ಟಕ್ಕೆ ಹೋಗುತ್ತಿರಲಿಲ್ಲ.

ಮಾಡಿ ನೋಡಿದ್ದು

ಮೊದಲು ಗುಂಡನನ್ನು ಯುಟಿಲಿಟಿಯಲ್ಲಿ ಕಟ್ಟಿದರು. ವಾಷಿಂಗ್ ಮೆಷಿನ್ ಪಕ್ಕ, ಮೊಳದುದ್ದ ಸರಪಳಿ. ಕೂಗು ಇನ್ನೂ ಜೋರಾಯಿತು, ಜೊತೆಗೆ ಬಾಗಿಲ ಚೌಕಟ್ಟು ಕಡಿಯಲು ಶುರು ಮಾಡಿದ. ಆಮೇಲೆ ತರಬೇತಿಯವರನ್ನು ಕರೆಸಿದರು. ಅವರು ಸಂಜೆ ಬಂದು ಕೂರುವುದು, ಕೈ ಕೊಡುವುದು ಕಲಿಸಿದರು. ಗುಂಡ ಬೇಗ ಕಲಿತ. ಆದರೆ ಹಗಲು ಒಬ್ಬನೇ ಇರುವ ಸಮಸ್ಯೆಗೂ ಕೈ ಕೊಡುವುದಕ್ಕೂ ಏನು ಸಂಬಂಧ? ದುಡ್ಡು ತೆಗೆದುಕೊಂಡು ನಾಯಿ ನೋಡಿಕೊಳ್ಳುವ ಬೋರ್ಡಿಂಗ್‌ನವರನ್ನು ಕೇಳಿದರು, ಲಸಿಕೆ ಪೂರ್ತಿ ಆಗದ ಮರಿಯನ್ನು ತೆಗೆದುಕೊಳ್ಳಲ್ಲ ಅಂದರು. ಅದು ಸರಿಯಾದ ನಿಯಮವೇ.

ಜೂನ್ ಮಧ್ಯದಲ್ಲಿ ಅಪ್ಪ ನಮಗೆ ಫೋನ್ ಮಾಡಿದರು. ಈ ವಾರದೊಳಗೆ ಯಾರಿಗಾದರೂ ಕೊಟ್ಟುಬಿಡಬೇಕು, ಮಕ್ಕಳು ಶಾಲೆಗೆ ಹೋದಾಗ ತೆಗೆದುಕೊಂಡು ಹೋಗಿ, ಊರಿನ ತೋಟಕ್ಕೆ ಕಳಿಸಿದೆವು ಅಂತ ಹೇಳುತ್ತೇವೆ ಅಂದರು. ನಾವು ಎರಡಕ್ಕೂ ಒಪ್ಪಲಿಲ್ಲ. ಎರಡು ವಾರ ಕೊಡಿ, ಅಷ್ಟರಲ್ಲಿ ಒಂದು ವ್ಯವಸ್ಥೆ ಮಾಡಿ ನೋಡೋಣ, ಆಮೇಲೂ ಬೇಡ ಅನ್ನಿಸಿದರೆ ಸರಿಯಾದ ಮನೆ ಹುಡುಕುತ್ತೇವೆ ಅಂದೆವು.

ಒಂದು ಭಾನುವಾರ ಮನೆಗೆ ಹೋಗಿ ಎಲ್ಲರನ್ನೂ ಕೂರಿಸಿ, ಸಾಮಾನ್ಯ ದಿನವೊಂದರಲ್ಲಿ ಯಾರು ಎಷ್ಟು ಗಂಟೆಗೆ ಎಲ್ಲಿರುತ್ತೀರಿ ಅಂತ ಒಂದು ಹಾಳೆಯಲ್ಲಿ ಬರೆಸಿದೆ. ಬೆಳಗ್ಗೆ ಎಂಟೂವರೆಯಿಂದ ನಾಲ್ಕರವರೆಗೆ ಅಜ್ಜಿಯ ಹೆಸರು ಬಿಟ್ಟರೆ ಬೇರೆ ಹೆಸರೇ ಇಲ್ಲ. ಅಪ್ಪ ಮನೆಯಿಂದ ಕೆಲಸ ಮಾಡುವ ದಿನಗಳಲ್ಲೂ ಬಾಗಿಲು ಹಾಕಿಕೊಂಡು ಮೀಟಿಂಗ್. ರಾತ್ರಿ ಎರಡು ಗಂಟೆಗೆ, ಬೆಳಗಿನ ಜಾವ ಐದಕ್ಕೆ ಎದ್ದು ಮರಿಯನ್ನು ಎತ್ತಿಕೊಂಡು ಹೋಗುತ್ತಿದ್ದದ್ದು ಅಮ್ಮ. ಅದು ಅಪ್ಪನಿಗೆ ಆವತ್ತೇ ಗೊತ್ತಾದದ್ದು. ಮರಿ ಇಡೀ ರಾತ್ರಿ ಮಲಗುತ್ತದೆ ಅಂತ ಅವರು ನಂಬಿದ್ದರು.

ಅಜ್ಜಿಯನ್ನು ಕೇಳಿದೆ, "ಅಜ್ಜಿ, ನಿಮಗೆ ಇದರಲ್ಲಿ ಯಾವುದು ಆಗುತ್ತೆ, ಯಾವುದು ಆಗಲ್ಲ?" ಅವರು ತಕ್ಷಣ ಹೇಳಿದರು. "ಊಟ ಹಾಕ್ತೀನಿ. ಜೊತೇಲಿ ಕೂತಿರ್ತೀನಿ. ಬಗ್ಗಿ ಒರೆಸೋಕೆ ಆಗಲ್ಲ, ಮೆಟ್ಲು ಇಳಿಸೋಕೆ ಆಗಲ್ಲ. ದೇವರ ಮನೆಗೆ ಬರಬಾರದು." ಅಷ್ಟು ಸ್ಪಷ್ಟ. ಮೂರು ತಿಂಗಳಲ್ಲಿ ಈ ಪ್ರಶ್ನೆ ಯಾರಾದರೂ ಕೇಳಿದ್ದರೆ ಎರಡೇ ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು.

ಆ ಉತ್ತರದ ಮೇಲೆ ವ್ಯವಸ್ಥೆ ಮಾಡಿದೆವು. ದೇವರ ಮನೆಗೂ ಅಡುಗೆಮನೆಗೂ ಮಕ್ಕಳಿಗೆ ಹಾಕುವಂಥ ಅಡ್ಡ ಗೇಟು. ಹನ್ನೊಂದೂವರೆಗೆ ದುಡ್ಡು ಕೊಟ್ಟು ಒಬ್ಬ ಹುಡುಗನನ್ನು ಗೊತ್ತು ಮಾಡಿದರು. ಅವನು ಬಂದು ಟೆರೇಸಿನಲ್ಲಿ ಅರ್ಧ ಗಂಟೆ ಆಡಿಸಿ, ನೆಲ ಒರೆಸಿ ಹೋಗಬೇಕು. ಬೆಳಗ್ಗೆ ಐದೂವರೆಯ ಸರದಿ ಅಪ್ಪನದು, ರಾತ್ರಿಯದೂ ದಿನ ಬಿಟ್ಟು ದಿನ ಅವರದು. ಸರಪಳಿ ಬಿಚ್ಚಿ ಅಜ್ಜಿಯ ಮಂಚದ ಪಕ್ಕ ಹಾಸಿಗೆ ಹಾಕಿದರು. ದಿನಾ ಎಲ್ಲರೂ ಮನೆಯಲ್ಲಿದ್ದಾಗಲೇ ಐದು ನಿಮಿಷ, ಹತ್ತು ನಿಮಿಷ ಅಂತ ಅವನನ್ನು ಬೇರೆ ಕೋಣೆಯಲ್ಲಿ ಒಬ್ಬನೇ ಬಿಟ್ಟು, ಕೂಗುವ ಮೊದಲೇ ಹೋಗಿ ಹೊರಗೆ ಬಿಡಬೇಕು. ಕೆಳಗಿನ ಮನೆಯ ನರ್ಸ್ ಹತ್ತಿರ ಅಮ್ಮ ಹೋಗಿ ಕೂತು ಮಾತಾಡಿದರು, ಅವರ ಪಾಳಿಯ ದಿನಗಳನ್ನು ಬರೆದುಕೊಂಡು ಬಂದರು.

ಹತ್ತು ದಿನದಲ್ಲಿ ಕೂಗು ತುಂಬಾ ಕಮ್ಮಿ ಆಯಿತು. ಅಜ್ಜಿ ಪಕ್ಕದಲ್ಲಿದ್ದರೆ ಸಾಕು, ಗುಂಡ ಮಲಗಿಬಿಡುತ್ತಿದ್ದ. ಮರಿಗಳು ದಿನಕ್ಕೆ 18 ಗಂಟೆ ಮಲಗುವ ಪ್ರಾಣಿ. ಇವನಿಗೆ ರಜೆಯ ಗಲಾಟೆಯಲ್ಲಿ ನಿದ್ದೆಯೇ ಆಗಿರಲಿಲ್ಲ.

ಕಳಿಸುವ ನಿರ್ಧಾರ

ಇಷ್ಟಾದ ಮೇಲೆ ಗುಂಡ ಅಲ್ಲೇ ಉಳಿದ ಅಂತ ಬರೆಯಬಹುದಿತ್ತು. ಉಳಿಯಲಿಲ್ಲ. ಎರಡು ವಾರ ಮುಗಿದ ದಿನ ಅಮ್ಮ ನನ್ನೊಬ್ಬಳ ಹತ್ತಿರ ಹೇಳಿದರು, "ಈಗ ಎಲ್ಲ ಸರಿ ಇದೆ ಮೇಡಂ, ಆದರೆ ನನಗೆ ಆಗ್ತಿಲ್ಲ. ಹನ್ನೆರಡು ವರ್ಷ ನನ್ನಿಂದ ಆಗಲ್ಲ. ಮಗನಿಗೆ ಮಾತು ಕೊಟ್ಟಿದ್ದೀನಿ ಅಂತ ಬಾಯಿ ಮುಚ್ಚಿಕೊಂಡಿದ್ದೀನಿ." ಈ ಮಾತು ಹೇಳಲು ಧೈರ್ಯ ಬೇಕು. ಮನಸ್ಸಿಲ್ಲದೆ ಸಾಕಿದ ನಾಯಿ ವರ್ಷ ಕಳೆದ ಹಾಗೆ ಯುಟಿಲಿಟಿಗೆ, ಆಮೇಲೆ ಬೀದಿಗೆ ಹೋಗುವುದನ್ನು ನಾವು ನೋಡಿದ್ದೇವೆ. ಸಾಕಿದ ನಾಯಿಯನ್ನು ಹಾಗೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ, ಆದರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಕಾನೂನು ಯಾರನ್ನೂ ತಡೆಯುತ್ತಿಲ್ಲ. ಐದು ತಿಂಗಳಿಗೇ, ಆರೋಗ್ಯವಾಗಿರುವಾಗಲೇ, ಯೋಚಿಸಿ ಬೇರೆ ಮನೆಗೆ ಕೊಡುವುದು ಎಷ್ಟೋ ಮೇಲು.

ಆ ಎರಡು ವಾರ ವ್ಯರ್ಥವಾಗಲಿಲ್ಲ. ಮೊದಲೇ ಕೊಟ್ಟಿದ್ದರೆ "ಬೀಗಲ್ ಮರಿ, ಉಚಿತ" ಅಂತ ಜಾಹೀರಾತು ಹೋಗುತ್ತಿತ್ತು. ತಳಿ ನಾಯಿ ಉಚಿತ ಅಂದ ಕೂಡಲೇ ಮೊದಲು ಫೋನ್ ಮಾಡುವವರಲ್ಲಿ ಮರಿ ಮಾಡಿಸಿ ಮಾರುವವರೂ ಇರುತ್ತಾರೆ. ಈಗ ನಮ್ಮ ಹತ್ತಿರ ನಿಜವಾದ ವಿವರ ಇತ್ತು: ಒಬ್ಬನೇ ಇರಲಾರ, ಹಗಲು ಮನೆಯಲ್ಲಿ ಯಾರಾದರೂ ಇರಬೇಕು, ಇದ್ದರೆ ತುಂಬಾ ಶಾಂತ. ಅದಕ್ಕೆ ಸರಿಯಾಗಿ ಕೆಲಸದಿಂದ ನಿವೃತ್ತರಾದ ದಂಪತಿ ಸಿಕ್ಕರು. ಹಿಂದೆ ನಾಯಿ ಸಾಕಿದ್ದವರು, ನೆಲಮಹಡಿ, ಸುತ್ತ ಕಾಂಪೌಂಡ್. ನಾವು ಅವರ ಮನೆಗೆ ಹೋಗಿ ನೋಡಿ ಬಂದೆವು. ಸಂತಾನಹರಣ ಆಪರೇಷನ್ ಮಾಡಿಸಬೇಕು, ಸಾಕಲಾಗದಿದ್ದರೆ ನಮಗೇ ವಾಪಸ್ ಕೊಡಬೇಕು ಅಂತ ಬರೆಸಿಕೊಂಡೆವು.

ಮಕ್ಕಳಿಗೆ ತೋಟದ ಕಥೆ ಹೇಳಲಿಲ್ಲ. ಅಮ್ಮ ಅಪ್ಪ ಇಬ್ಬರೂ ಕೂತು ಹೇಳಿದರು, ಅಮ್ಮ ಮಗನಿಗೆ ಕೊಟ್ಟ ಮಾತಿನ ವಿಷಯವನ್ನೂ ಎತ್ತಿದರು. "ನೀನು ಗಾಯ ತೋರಿಸಿದ್ದಕ್ಕೆ ಅಲ್ಲ, ನಾವು ದೊಡ್ಡವರು ಲೆಕ್ಕ ಹಾಕದೆ ತಂದದ್ದಕ್ಕೆ." ಮಗ ಅತ್ತ. ಮಗಳು ಅಳಲಿಲ್ಲ, ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಆಮೇಲೆ ನೋಟ್‌ಬುಕ್ಕಿನ ಹಾಳೆಯಲ್ಲಿ ಹೊಸ ಮನೆಯವರಿಗೆ ಬರೆದಳು. ಕುಕ್ಕರ್ ಸೀಟಿಗೆ ಹೆದರುತ್ತಾನೆ, ಮೊದಲೇ ಹೇಳಿ. ಎಡಗಿವಿ ಮುಟ್ಟಬೇಡಿ. ಕ್ಯಾರೆಟ್ ಇಷ್ಟ, ಬೀನ್ಸ್ ಉಗುಳುತ್ತಾನೆ. ಇಂಜೆಕ್ಷನ್ ಹಾಕುವಾಗ ತಲೆ ಹಿಡಿಯಬೇಡಿ, ಕಾಲು ಹಿಡಿದರೆ ಸುಮ್ಮನಿರುತ್ತಾನೆ. ನಾನು ನೋಡಿದ ಹಸ್ತಾಂತರಗಳಲ್ಲಿ ಇಷ್ಟು ಉಪಯೋಗದ ಕಾಗದ ಬೇರೆ ಇಲ್ಲ. ಆ ದಂಪತಿ ಅದನ್ನು ಹಾಗೇ ಪಾಲಿಸಿದರು. ಮಕ್ಕಳು ಒಮ್ಮೆ ಹೋಗಿ ನೋಡಿ ಬಂದರು. ಮಗ ಈಗಲೂ ಹೋಗುತ್ತಾನೆ, ಮಗಳು ಮತ್ತೆ ಹೋಗಲು ಒಪ್ಪಿಲ್ಲ, ಯಾರೂ ಬಲವಂತ ಮಾಡಿಲ್ಲ.

ಇದರಿಂದ ಏನು ತಿಳಿಯಿತು

ನಾಯಿಯನ್ನು ಉಡುಗೊರೆಯಾಗಿ ಕೊಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಾಯಿ ಬದುಕಿಡೀ ಜೊತೆಗಿರುತ್ತದೆ, ಬರೀ ಕ್ರಿಸ್‌ಮಸ್‌ಗೆ ಅಲ್ಲ ಅನ್ನುವ ಘೋಷಣೆ ಬ್ರಿಟನ್ನಿನಲ್ಲಿ 1978ರಿಂದ ಇದೆ, ಅದು ಸರಿಯಾದ ಎಚ್ಚರಿಕೆ. ಆದರೆ 2013ರಲ್ಲಿ ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎ ನಡೆಸಿದ ಸಮೀಕ್ಷೆಯಲ್ಲಿ, ಉಡುಗೊರೆಯಾಗಿ ಪ್ರಾಣಿ ಪಡೆದವರಲ್ಲಿ ಶೇ 96 ಮಂದಿ ಅದರಿಂದ ತಮ್ಮ ಪ್ರೀತಿ ಕಮ್ಮಿ ಆಗಿಲ್ಲ ಅಂದಿದ್ದರು. ಈ ಮನೆಯಲ್ಲೂ ಪ್ರೀತಿ ಕಮ್ಮಿ ಆಗಿರಲಿಲ್ಲ. ಉಡುಗೊರೆ ಬಂದದ್ದು ಮಕ್ಕಳಿಗೆ, ಕೆಲಸ ಬಂದದ್ದು ಅಜ್ಜಿಗೂ ಅಮ್ಮನಿಗೂ. ಕೆಲಸ ಯಾರಿಗೆ ಬರುತ್ತದೋ ಅವರನ್ನು ಮೊದಲು ಕೇಳಬೇಕಿತ್ತು. ಗುಟ್ಟಾಗಿ ತಂದರೆ ಕೇಳಲು ಆಗುವುದೇ ಇಲ್ಲ, ಮಕ್ಕಳು ಕುಣಿಯುವಾಗ ಯಾರು ತಾನೆ ಬೇಡ ಅಂದಾರು?

ಅದಕ್ಕೇ ಈಗ ಮಾರ್ಚ್‌ನಲ್ಲಿ ಯಾರಾದರೂ ಮಕ್ಕಳ ರಜೆಗೆ ಮರಿ ಬೇಕು ಅಂತ ಬಂದರೆ, ನಾವು ಮಕ್ಕಳ ಜೊತೆ ಅಲ್ಲ, ಹಗಲು ಮನೆಯಲ್ಲಿ ಇರುವವರ ಜೊತೆ ಮಾತಾಡುತ್ತೇವೆ. ಅತ್ತೆಯೋ ಅಜ್ಜಿಯೋ ಕೆಲಸದವರೋ, ಅವರಿಗೆ ಯಾವುದು ಆಗುತ್ತೆ ಯಾವುದು ಆಗಲ್ಲ ಅಂತ ಅವರ ಬಾಯಿಂದಲೇ ಕೇಳುತ್ತೇವೆ. ರಾತ್ರಿ ಎದ್ದೇಳುವವರು ಯಾರು ಅಂತ ಹೆಸರು ಹೇಳಬೇಕು. ಎಲ್ಲರೂ ಸೇರಿ ಮಾಡುತ್ತೇವೆ ಅನ್ನುವ ಉತ್ತರಕ್ಕೆ ಒಪ್ಪುವುದಿಲ್ಲ. ರಜೆಯ ಉಡುಗೊರೆ ಕೊಡಲೇಬೇಕು ಅಂದರೆ ಒಂದು ಬೆಲ್ಟು, ಒಂದು ಬಟ್ಟಲು ಕೊಡಿ, ರಜೆಯಲ್ಲಿ ಮಕ್ಕಳ ಜೊತೆ ನಾಯಿಗಳಿರುವ ಆಶ್ರಯಕ್ಕೆ ಹೋಗಿ ಬನ್ನಿ, ನಾಯಿ ಬರುವುದು ಶಾಲೆ ಶುರುವಾಗಿ ಮನೆಯ ದಿನಚರಿ ಒಂದು ಹದಕ್ಕೆ ಬಂದ ಮೇಲೆ ಇರಲಿ ಅನ್ನುತ್ತೇವೆ. ಎಷ್ಟೋ ಮನೆಗಳಿಗೆ ಮರಿಗಿಂತ ಎರಡು ಮೂರು ವರ್ಷದ ನಾಯಿಯೇ ಸರಿಹೋಗುತ್ತದೆ, ನಮ್ಮ ಬೀದಿಯದೇ ಆದರೂ ಸರಿ. ಅದರ ಸ್ವಭಾವ ಆಗಲೇ ಗೊತ್ತಿರುತ್ತದೆ, ರಾತ್ರಿ ಮಲಗುತ್ತದೆ, ಹಾಲುಹಲ್ಲು ಬಿದ್ದಿರುತ್ತದೆ.

ಮಾರಿದವರ ಮೇಲೆ ಅಮ್ಮ ಆ ಕಾರ್ಡಿನ ಫೋಟೊ, ದುಡ್ಡು ಕಳಿಸಿದ ದಾಖಲೆ, ಪಾರ್ವೊ ವರದಿ ಎಲ್ಲ ಸೇರಿಸಿ ದೂರು ಬರೆದುಕೊಟ್ಟಿದ್ದಾರೆ. ಅವರ ಜಾಹೀರಾತು ಇನ್ನೂ ಇದೆ. 45 ದಿನದ ಮರಿ ಅಂತಲೇ ಹಾಕಿದ್ದಾರೆ.